ಕಳೆದುಹೋಗಬಾರದ ಸರಕು, ಎಲ್ಲರೂ ಓಡಾಡುವ ದಾರಿ

ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರೊಬ್ಬರು ವಿದ್ಯಾರ್ಥಿಯ ಅಂಕಗಳನ್ನು ಗಣಕಯಂತ್ರಕ್ಕೆ ತುಂಬಿ 'ಸೇವ್' ಗುಂಡಿ ಒತ್ತುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತೆಂಬ ಸಂದೇಶ ಪರದೆಯ ಮೇಲೆ ಮೂಡುತ್ತದೆ. ಆ ಅಂಕಗಳು ಎಲ್ಲಿಗೆ ಹೋದವು? ಮೇಜಿನ ಕೆಳಗಿರುವ ಪೆಟ್ಟಿಗೆಯೊಳಕ್ಕೆ ಎನ್ನುವವರೇ ಹೆಚ್ಚು. ಆದರೆ ಬ್ಯಾಂಕು, ದೊಡ್ಡ ಆಸ್ಪತ್ರೆ, ವಿಶ್ವವಿದ್ಯಾಲಯಗಳಂಥ ಕಡೆ ಸಾಮಾನ್ಯವಾಗಿ ಹಾಗಿರುವುದಿಲ್ಲ. ಅಲ್ಲಿ ಲೆಕ್ಕ ಮಾಡುವ ಗಣಕ ಒಂದು ಕಡೆ ಇದ್ದರೆ, ಲೆಕ್ಕವನ್ನು ಬರೆದಿಡುವ ಡಿಸ್ಕ್ ಮತ್ತೊಂದು ಕಡೆ ಇರುತ್ತದೆ. ಎರಡರ ನಡುವೆ ಒಂದು ದಾರಿ ಇರುತ್ತದೆ.

ಆ ದಾರಿಯಲ್ಲಿ ಒಂದೇ ಒಂದು ಅಂಕಿ ಬಿದ್ದುಹೋದರೆ ಏನು ಗತಿ? 91 ಅಂಕ ಪಡೆದ ಹುಡುಗಿಯ ಹೆಸರಿನ ಮುಂದೆ ಬೇರೇನೋ ಕುಳಿತುಬಿಡಬಹುದು. ಬ್ಯಾಂಕಿನಲ್ಲಿ ಕಟ್ಟಿದ ಹಣ ಲೆಕ್ಕಕ್ಕೇ ಬಾರದೆ ಹೋಗಬಹುದು. ಆದ್ದರಿಂದಲೇ ಬಹುಕಾಲ ಈ ಸರಕಿಗೆಂದೇ ಪ್ರತ್ಯೇಕವಾದ, ದುಬಾರಿಯಾದ ದಾರಿಯನ್ನು ಕಟ್ಟುತ್ತಿದ್ದರು. ಮನೆ, ಶಾಲೆ, ಸೈಬರ್ ಕೆಫೆಗಳಲ್ಲಿ ಕಾಣುವ ಸಾಧಾರಣ ಈಥರ್‌ನೆಟ್ ಕೇಬಲ್ಲಿನ ಮೇಲೆ ಅದನ್ನು ಸಾಗಿಸುವುದೆಂದರೆ ತಜ್ಞರು ತಲೆ ಅಲ್ಲಾಡಿಸುತ್ತಿದ್ದರು. ಇಂದು ಅದೇ ಕೆಲಸ ಜಗತ್ತಿನಾದ್ಯಂತ ನಿತ್ಯ ನಡೆಯುತ್ತಿದೆ. ಇದು ಹೇಗಾಯಿತು ಎಂಬುದು ತಿಳಿಯಬೇಕಾದ ಸಂಗತಿ.

ಡಿಸ್ಕಿನ ಮಾತು

ಗಣಕವು ಡಿಸ್ಕಿನೊಡನೆ ಆಡುವ ಮಾತು ತೀರಾ ಸರಳ. 'ಇಂಥ ಸಂಖ್ಯೆಯ ಖಾನೆಯಲ್ಲಿರುವುದನ್ನು ಕೊಡು', 'ಇಂಥ ಸಂಖ್ಯೆಯ ಖಾನೆಯಲ್ಲಿ ಇದನ್ನು ಬರೆ'. ಇವೆರಡೇ ಮುಖ್ಯ ಆಜ್ಞೆಗಳು. ಕಡತದ ಹೆಸರಾಗಲಿ, ಅದರಲ್ಲಿ ಚಿತ್ರವಿದೆಯೋ ಪಾಠವಿದೆಯೋ ಎಂಬುದಾಗಲಿ ಡಿಸ್ಕಿಗೆ ಗೊತ್ತಿಲ್ಲ. ಅದು ಸಂಖ್ಯೆ ಹಾಕಿದ ಖಾನೆಗಳಿರುವ ಒಂದು ದೊಡ್ಡ ಬೀರು ಇದ್ದಂತೆ. ಒಂದೊಂದು ಖಾನೆಯಲ್ಲಿ 512 ಬೈಟ್, ಈಚಿನ ಡಿಸ್ಕುಗಳಲ್ಲಿ 4096 ಬೈಟ್ ಹಿಡಿಯುತ್ತದೆ.

ಈ ಮಾತುಕತೆಯ ವ್ಯಾಕರಣಗಳಲ್ಲಿ ಬಹಳ ಪ್ರಸಿದ್ಧವಾದದ್ದು 'ಸ್ಕಸಿ'. ಅಮೆರಿಕದ ಶುಗಾರ್ಟ್ ಅಸೋಸಿಯೇಟ್ಸ್ ಎಂಬ ಕಂಪನಿ ರೂಪಿಸಿದ ಪದ್ಧತಿಯಿಂದ ಬೆಳೆದು ಬಂದ ಇದು 1986ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನಕವಾಯಿತು. ಅಗಲವಾದ ಪಟ್ಟಿಯಂಥ ಕೇಬಲ್ಲಿನಲ್ಲಿ ಎಂಟು ತಂತಿಗಳ ಮೂಲಕ ಎಂಟು ಬಿಟ್‌ಗಳು ಒಟ್ಟಿಗೆ ಓಡುತ್ತಿದ್ದವು. ಸಾಮಾನ್ಯ ರೂಪದಲ್ಲಿ ಆ ಕೇಬಲ್ಲಿನ ಉದ್ದ 6 ಮೀಟರ್ ದಾಟುವಂತಿರಲಿಲ್ಲ. ದಾಟಿದರೆ ಸಂಕೇತಗಳು ಕಲಸಿಹೋಗುತ್ತಿದ್ದವು.

ಇಷ್ಟು ಹತ್ತಿರದ ಒಡನಾಟದಲ್ಲಿ ಒಂದು ನಂಬಿಕೆ ಸಹಜವಾಗಿಯೇ ಬೆಳೆಯಿತು. ಕಳುಹಿಸಿದ್ದು ತಲುಪಿಯೇ ತಲುಪುತ್ತದೆ, ಕಳುಹಿಸಿದ ಕ್ರಮದಲ್ಲಿಯೇ ತಲುಪುತ್ತದೆ ಎಂಬುದೇ ಆ ನಂಬಿಕೆ. ಉತ್ತರ ಬಾರದಿದ್ದರೆ ಡಿಸ್ಕಿನಲ್ಲೇ ಏನೋ ಕೆಟ್ಟಿದೆ ಎಂದು ಗಣಕ ತಿಳಿಯುತ್ತಿತ್ತು. ಮುಂದೆ ಬಂದ ತೊಡಕುಗಳಿಗೆಲ್ಲ ಈ ನಂಬಿಕೆಯೇ ಮೂಲ.

ಪ್ರತ್ಯೇಕ ಹಳಿ

ಹತ್ತು ಗಣಕಗಳಿದ್ದರೆ ಹತ್ತು ಡಿಸ್ಕುಗಳು. ಒಂದರಲ್ಲಿ ಜಾಗ ಸಾಲದು, ಮತ್ತೊಂದು ಅರ್ಧ ಖಾಲಿ. ಗಣಕ ಕೆಟ್ಟರೆ ಅದರೊಳಗಿನ ಡಿಸ್ಕೂ ಕೈಗೆ ಸಿಗದು. ಎಲ್ಲ ಡಿಸ್ಕುಗಳನ್ನೂ ಒಂದೇ ಕಡೆ ಇಟ್ಟು ಬೇಕಾದಷ್ಟನ್ನು ಬೇಕಾದ ಗಣಕಕ್ಕೆ ಹಂಚಿಕೊಟ್ಟರೆ ಹೇಗೆ? ಈ ಯೋಚನೆಯಿಂದ ಹುಟ್ಟಿದ್ದೇ 'ಸಂಗ್ರಹ ಜಾಲ'. ಅದಕ್ಕಾಗಿ 1988ರಿಂದ ರೂಪುಗೊಳ್ಳತೊಡಗಿ 1994ರಲ್ಲಿ ಮಾನಕವಾದ ದಾರಿಯೇ 'ಫೈಬರ್ ಚಾನೆಲ್'. ಸ್ಕಸಿ ಆಜ್ಞೆಗಳನ್ನು ಗಾಜಿನ ಎಳೆಯ ಮೂಲಕ ಕಿಲೋಮೀಟರುಗಟ್ಟಲೆ ಸಾಗಿಸಲು ಇದು ಅನುವು ಮಾಡಿಕೊಟ್ಟಿತು.

ಫೈಬರ್ ಚಾನೆಲ್ಲಿನ ಜಾಣತನ ಅದರ ಲೆಕ್ಕಾಚಾರದಲ್ಲಿದೆ. ಪಡೆಯುವವನು ಮೊದಲೇ 'ನನ್ನಲ್ಲಿ ಎಂಟು ಪೊಟ್ಟಣಗಳಿಗೆ ಜಾಗವಿದೆ' ಎಂದು ತಿಳಿಸುತ್ತಾನೆ ಎನ್ನೋಣ. ಕಳುಹಿಸುವವನು ಎಂಟನ್ನು ಕಳುಹಿಸಿ ಸುಮ್ಮನಾಗುತ್ತಾನೆ. ಅಲ್ಲಿ ಒಂದು ಜಾಗ ತೆರವಾದ ಸುದ್ದಿ ಬಂದ ಮೇಲೆಯೇ ಒಂಬತ್ತನೆಯದನ್ನು ಬಿಡುತ್ತಾನೆ. ಗೋದಾಮಿನಲ್ಲಿ ಜಾಗವಿದೆಯೆಂದು ಖಾತ್ರಿಯಾದ ಮೇಲೆಯೇ ಗಾಡಿ ಹೊರಡಿಸಿದ ಹಾಗೆ. ಆದ್ದರಿಂದ ಜಾಗವಿಲ್ಲದೆ ಸರಕನ್ನು ಎಸೆಯುವ ಪ್ರಸಂಗವೇ ಬಾರದು.

ಆದರೆ ಈ ದಾರಿಗೆ ಬೇರೆಯೇ ಕಾರ್ಡು, ಬೇರೆಯೇ ಸ್ವಿಚ್ಚು, ಬೇರೆಯೇ ತರಬೇತಿ ಪಡೆದ ಸಿಬ್ಬಂದಿ ಬೇಕು. ಕಚೇರಿಯಲ್ಲಿ ಆಗಲೇ ಈಥರ್‌ನೆಟ್ ಜಾಲ ಹಬ್ಬಿರುತ್ತಿತ್ತು. ಅದರ ಪಕ್ಕದಲ್ಲೇ ಎರಡನೆಯ ಜಾಲ. ದೊಡ್ಡ ಬ್ಯಾಂಕಿಗೆ ಇದು ಹೊರೆಯಾಗದಿರಬಹುದು. ತಾಲ್ಲೂಕು ಕೇಂದ್ರದ ಕಾಲೇಜು, ಸಣ್ಣ ಆಸ್ಪತ್ರೆಗಳ ಕೈಗೆ ಎಟುಕುವಂಥದಲ್ಲ.

ಇಲ್ಲದ ಈಥರಿನ ಹೆಸರು

ಈಥರ್‌ನೆಟ್‌ನ ಕಥೆಯೇ ಬೇರೆ. ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ 1973ರ ಮೇ 22ರಂದು ಒಂದು ಟಿಪ್ಪಣಿ ಬರೆದು ಇದರ ಕಲ್ಪನೆಯನ್ನು ಮುಂದಿಟ್ಟರು. ಡೇವಿಡ್ ಬಾಗ್ಸ್ ಜೊತೆಗೂಡಿದರು. ಬೆಳಕಿನ ಅಲೆಗಳು ಸಾಗಲು 'ಈಥರ್' ಎಂಬ ಕಾಣದ ಮಾಧ್ಯಮ ಬೇಕೆಂದು 19ನೇ ಶತಮಾನದ ವಿಜ್ಞಾನಿಗಳು ನಂಬಿದ್ದರು. ಮೈಕೆಲ್ಸನ್ ಮತ್ತು ಮಾರ್ಲೆ 1887ರಲ್ಲಿ ನಡೆಸಿದ ಪ್ರಯೋಗದಲ್ಲಿ ಅದರ ಸುಳಿವೇ ಸಿಗಲಿಲ್ಲ. ಭೌತವಿಜ್ಞಾನ ಕೈಬಿಟ್ಟ ಆ ಹೆಸರು ಗಣಕ ಜಾಲದಲ್ಲಿ ಮರುಹುಟ್ಟು ಪಡೆಯಿತು.

ಮೊದಲ ಈಥರ್‌ನೆಟ್‌ನಲ್ಲಿ ಎಲ್ಲ ಗಣಕಗಳಿಗೂ ಒಂದೇ ಕೇಬಲ್. ಮಾತಾಡಬೇಕೆನ್ನುವ ಗಣಕ ಮೊದಲು ಕಿವಿಗೊಟ್ಟು ಕೇಳುತ್ತದೆ. ಯಾರೂ ಮಾತಾಡುತ್ತಿಲ್ಲವೆಂದರೆ ಶುರು ಮಾಡುತ್ತದೆ. ಇಬ್ಬರೂ ಒಮ್ಮೆಗೇ ಬಾಯಿ ತೆರೆದರೆ ಮಾತು ಕೆಡುತ್ತದೆ. ಆಗ ಇಬ್ಬರೂ ಸುಮ್ಮನಾಗಿ, ಮನಸ್ಸಿಗೆ ಬಂದಷ್ಟು ಹೊತ್ತು ಕಾದು, ಮತ್ತೆ ಪ್ರಯತ್ನಿಸುತ್ತಾರೆ. ಮುಂದೆ ಸ್ವಿಚ್‌ಗಳು ಬಂದು ಈ ಡಿಕ್ಕಿ ತಪ್ಪಿತು. ಆದರೆ ಸ್ವಿಚ್ಚಿನ ತಾತ್ಕಾಲಿಕ ಸ್ಮೃತಿ ತುಂಬಿದಾಗ ಹೊಸದಾಗಿ ಬಂದ ಪೊಟ್ಟಣವನ್ನು ಅದು ಸದ್ದಿಲ್ಲದೆ ಬಿಸಾಡುತ್ತದೆ. ತಲುಪಿಸುವೆನೆಂದು ಈಥರ್‌ನೆಟ್ ಯಾರಿಗೂ ಮಾತು ಕೊಟ್ಟಿಲ್ಲ. ಅದು ಅಗ್ಗವೂ ಸರಳವೂ ಆಗಿರುವುದಕ್ಕೆ ಇದೇ ಕಾರಣಗಳಲ್ಲೊಂದು.

ವೇಗದ ಲೆಕ್ಕವನ್ನೂ ನೋಡಿ. ಮೆಟ್ಕಾಫ್ ಅವರ ಮೊದಲ ಜಾಲ ಸೆಕೆಂಡಿಗೆ ಸುಮಾರು 29 ಲಕ್ಷ ಬಿಟ್ ಸಾಗಿಸುತ್ತಿತ್ತು. 1983ರ ಮಾನಕದಲ್ಲಿ ಅದು 1 ಕೋಟಿ ಬಿಟ್, ಅಂದರೆ 12.5 ಲಕ್ಷ ಬೈಟ್. ಅದೇ ದಶಕದ ಸ್ಕಸಿ ಕೇಬಲ್ 50 ಲಕ್ಷ ಬೈಟ್ ಸಾಗಿಸಬಲ್ಲದಾಗಿತ್ತು. ಹೀಗಿರುವಾಗ ಡಿಸ್ಕಿನ ಸರಕನ್ನು ಈಥರ್‌ನೆಟ್‌ಗೆ ಹಾಕುವ ಯೋಚನೆ ಯಾರಿಗೆ ಬಂದೀತು? ಆದರೆ 1995ರಲ್ಲಿ ವೇಗ 10 ಕೋಟಿ ಬಿಟ್‌ಗೆ, 1998ರಲ್ಲಿ 100 ಕೋಟಿ ಬಿಟ್‌ಗೆ ಏರಿತು. ಈಥರ್‌ನೆಟ್ ಆಗ ಫೈಬರ್ ಚಾನೆಲ್ಲಿಗೆ ಸರಿಸಮನಾಗಿ ನಿಂತಿತು. ಕೋಟಿಗಟ್ಟಲೆ ಸಂಖ್ಯೆಯಲ್ಲಿ ತಯಾರಾಗುತ್ತಿದ್ದುದರಿಂದ ಬೆಲೆಯೂ ಇಳಿಯುತ್ತ ಹೋಯಿತು. ಉಳಿದದ್ದು ಒಂದೇ ತೊಡಕು. ಕಳೆದುಹೋಗಬಾರದ ಸರಕನ್ನು, ಕಳೆಯಬಹುದಾದ ದಾರಿಯಲ್ಲಿ ಸಾಗಿಸುವುದು ಹೇಗೆ?

ಮೊದಲ ಉತ್ತರ: ತುದಿಯಲ್ಲಿ ಲೆಕ್ಕ

ಸುರತ್ಕಲ್ಲಿನ ರೈಲು ನಿಲ್ದಾಣದಲ್ಲಿ ಸರಕು ತುಂಬಿದ ಲಾರಿಗಳೇ ರೈಲು ಹತ್ತುವುದನ್ನು ಕರಾವಳಿಯವರು ಕಂಡಿದ್ದಾರೆ. ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿದ 'ರೋ-ರೋ' ಸೇವೆಯ ಪದ್ಧತಿ ಅದು. ಲಾರಿಯ ಸರಕನ್ನು ಯಾರೂ ಬಿಚ್ಚುವುದಿಲ್ಲ. ಲಾರಿಗೆ ಲಾರಿಯನ್ನೇ ಚಪ್ಪಟೆ ವ್ಯಾಗನ್ನಿನ ಮೇಲೆ ನಿಲ್ಲಿಸುತ್ತಾರೆ. ಇಳಿದ ಮೇಲೆ ಲಾರಿ ತನ್ನ ಪಾಡಿಗೆ ರಸ್ತೆ ಹಿಡಿಯುತ್ತದೆ. ಗಣಕ ಜಾಲದಲ್ಲಿಯೂ ಇದೇ ಉಪಾಯ. ಡಿಸ್ಕಿನ ಆಜ್ಞೆಯನ್ನು ಬದಲಾಯಿಸದೆ, ಇದ್ದ ಹಾಗೆಯೇ ಮತ್ತೊಂದು ಲಕೋಟೆಯೊಳಗಿಟ್ಟು ಕಳುಹಿಸುವುದು.

ಈ ದಿಕ್ಕಿನಲ್ಲಿ ಮೊದಲ ದೊಡ್ಡ ಹೆಜ್ಜೆ ಇಟ್ಟವರು ಐಬಿಎಂ ಮತ್ತು ಸಿಸ್ಕೊ ಕಂಪನಿಗಳವರು. ಇಸ್ರೇಲಿನ ಹೈಫಾ ನಗರದ ಐಬಿಎಂ ಪ್ರಯೋಗಾಲಯದ ಜೂಲಿಯನ್ ಸಾತ್ರಾನ್ ಈ ಕೆಲಸದ ಮುಂಚೂಣಿಯಲ್ಲಿದ್ದರು. 2000ದಲ್ಲಿ ಕರಡು ಸಿದ್ಧವಾಗಿ, 2004ರ ಏಪ್ರಿಲ್‌ನಲ್ಲಿ ಅಂತರಜಾಲದ ಮಾನಕವಾಗಿ ಪ್ರಕಟವಾಯಿತು. ಹೆಸರು 'ಐಸ್ಕಸಿ', ಅಂದರೆ ಇಂಟರ್‌ನೆಟ್ ಮೇಲಿನ ಸ್ಕಸಿ.

ಐಸ್ಕಸಿ ದಾರಿಯನ್ನು ತಿದ್ದಲು ಹೋಗಲಿಲ್ಲ. ಅಂತರಜಾಲದಲ್ಲಿ ಆಗಲೇ ಬಳಕೆಯಲ್ಲಿದ್ದ ಟಿಸಿಪಿ ಎಂಬ ನಿಯಮಾವಳಿಯ ಮೊರೆಹೊಕ್ಕಿತು. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಮುಂದಿಟ್ಟ ಕಲ್ಪನೆಯಿಂದ ಬೆಳೆದದ್ದು ಟಿಸಿಪಿ. ಅದು ಪ್ರತಿಯೊಂದು ಬೈಟಿಗೂ ಕ್ರಮಸಂಖ್ಯೆ ಕೊಡುತ್ತದೆ. 'ಇಷ್ಟರವರೆಗೆ ತಲುಪಿತು' ಎಂದು ಆ ತುದಿಯಿಂದ ಉತ್ತರ ಬರಬೇಕು. ಬಾರದಿದ್ದರೆ ಮತ್ತೆ ಕಳುಹಿಸುತ್ತದೆ. ಅಂಚೆಯಲ್ಲಿ ಸ್ವೀಕೃತಿ ಚೀಟಿ ತರಿಸಿಕೊಳ್ಳುವ ಕ್ರಮವನ್ನು ಹಿರಿಯರು ಬಲ್ಲರು. ಚೀಟಿ ಬರುವತನಕ ಪತ್ರದ ನಕಲನ್ನು ಹರಿದುಹಾಕದಿರುವುದು ಜಾಣತನ. ಟಿಸಿಪಿ ಮಾಡುವುದೂ ಅದನ್ನೇ.

ಇಷ್ಟೆಲ್ಲ ಲಕೋಟೆಗಳಿಂದ ವೇಗ ಕಡಿಮೆಯಾಗುವುದಿಲ್ಲವೇ? ಲೆಕ್ಕ ಮಾಡಿ ನೋಡೋಣ. ಸಾಧಾರಣ ಈಥರ್‌ನೆಟ್ ಪೊಟ್ಟಣವೊಂದರಲ್ಲಿ 1500 ಬೈಟ್ ಹಿಡಿಯುತ್ತದೆ. ಅದರಲ್ಲಿ ವಿಳಾಸ ಮತ್ತು ಕ್ರಮಸಂಖ್ಯೆಗಳಿಗೆ 40 ಬೈಟ್ ಹೋದರೆ ಉಳಿಯುವುದು 1460. ಮುಂದಿನ ಹಿಂದಿನ ಗುರುತುಗಳು, ಎರಡು ಪೊಟ್ಟಣಗಳ ನಡುವಿನ ಅಂತರ ಎಲ್ಲ ಸೇರಿ ತಂತಿಯ ಮೇಲೆ ಒಂದು ಪೊಟ್ಟಣ 1538 ಬೈಟುಗಳಷ್ಟು ಹೊತ್ತು ಹಿಡಿಯುತ್ತದೆ. 1460ನ್ನು 1538ರಿಂದ ಭಾಗಿಸಿದರೆ ಶೇ 95ರಷ್ಟು. ಸೆಕೆಂಡಿಗೆ 12.5 ಕೋಟಿ ಬೈಟ್ ಸಾಗುವ ದಾರಿಯಲ್ಲಿ ಸುಮಾರು 11.8 ಕೋಟಿ ಬೈಟ್ ನಿಜವಾದ ಸರಕು. ನಷ್ಟ ಅಷ್ಟೇನೂ ಇಲ್ಲ.

ಇನ್ನೊಂದು ಲೆಕ್ಕ. 4096 ಬೈಟಿನ ಒಂದು ಖಾನೆಗೆ ಐಸ್ಕಸಿಯ 48 ಬೈಟ್ ತಲೆಬರಹ ಸೇರಿಸಿದರೆ 4144. ಅದಕ್ಕೆ ಮೂರು ಪೊಟ್ಟಣ ಸಾಕು. ಈ ಮೂರೂ ತಂತಿಗೆ ಇಳಿಯಲು 40 ಮೈಕ್ರೊಸೆಕೆಂಡೂ ಬೇಡ. ಆದರೆ ತಿರುಗುವ ಡಿಸ್ಕಿನಲ್ಲಿ ಓದುವ ಕಡ್ಡಿ ಸರಿಯಾದ ಜಾಗಕ್ಕೆ ಹೋಗಿ ಕೂರಲು ಸುಮಾರು 10 ಮಿಲಿಸೆಕೆಂಡ್, ಎಂದರೆ 10,000 ಮೈಕ್ರೊಸೆಕೆಂಡ್ ಬೇಕು. ತಂತಿಗಿಂತ ಡಿಸ್ಕೇ 250 ಪಟ್ಟು ನಿಧಾನ! ದಾರಿ ಸಾಲದೆಂದು ದೂರುವ ಮೊದಲು ಗಾಡಿಯ ವೇಗವನ್ನು ಅಳೆಯಬೇಕೆನ್ನುವುದು ಇದಕ್ಕೇ.

ಎರಡನೆಯ ಉತ್ತರ: ದಾರಿಯನ್ನೇ ಭದ್ರಪಡಿಸುವುದು

ಫೈಬರ್ ಚಾನೆಲ್ಲಿನವರಿಗೆ ಇದರಿಂದ ಸಮಾಧಾನವಾಗಲಿಲ್ಲ. ಅವರ ಆಕ್ಷೇಪದಲ್ಲಿಯೂ ಹುರುಳಿತ್ತು. ಪೊಟ್ಟಣ ಕಳೆದಾಗ ದಾರಿಯಲ್ಲಿ ದಟ್ಟಣೆಯಾಗಿದೆ ಎಂದು ತಿಳಿದು ಟಿಸಿಪಿ ವೇಗ ತಗ್ಗಿಸುತ್ತದೆ. ಅದು ಹಾಗೆ ಮಾಡುವುದಕ್ಕೂ ಕಾರಣವಿದೆ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಅಂದರೆ ಬರೀ 400 ಗಜ ದೂರದಲ್ಲಿ, ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಜಾಲ 40 ಬಿಟ್‌ಗೆ ಕುಸಿಯಿತು. ಕಳೆದದ್ದನ್ನು ಎಲ್ಲರೂ ಮತ್ತೆ ಮತ್ತೆ ಕಳುಹಿಸಿದ್ದೇ ದಟ್ಟಣೆಯನ್ನು ಹೆಚ್ಚಿಸಿತ್ತು. ದಟ್ಟಣೆ ಕಂಡಾಗ ಹಿಂದೆಗೆಯುವ ಪಾಠವನ್ನು ವ್ಯಾನ್ ಜೇಕಬ್ಸನ್ 1988ರಲ್ಲಿ ಟಿಸಿಪಿಗೆ ಕಲಿಸಿದರು. ಜಾಲಕ್ಕೆ ಇದು ಹಿತವೇ. ಆದರೆ ಉತ್ತರಕ್ಕಾಗಿ ಕಾದು ಕುಳಿತ ಬ್ಯಾಂಕಿನ ಗಣಕಕ್ಕೆ?

ಆದ್ದರಿಂದ ಅವರು ದಾರಿಯನ್ನೇ ಭದ್ರಪಡಿಸಲು ಹೊರಟರು. 2009ರಲ್ಲಿ ಮಾನಕ ಸಮಿತಿಯು ಪೂರ್ಣಗೊಳಿಸಿದ 'ಫೈಬರ್ ಚಾನೆಲ್ ಓವರ್ ಈಥರ್‌ನೆಟ್' ಪದ್ಧತಿಯಲ್ಲಿ ಫೈಬರ್ ಚಾನೆಲ್ಲಿನ ಪೊಟ್ಟಣವನ್ನು ಇಡಿಯಾಗಿ ಈಥರ್‌ನೆಟ್ ಪೊಟ್ಟಣದೊಳಗೆ ಇಡುತ್ತಾರೆ. ಅದು ಎರಡು ಸಾವಿರ ಬೈಟಿಗೂ ದೊಡ್ಡದಾಗಬಹುದು. 1500ರ ಅಳತೆಗೆ ಹಿಡಿಯದು. ಹಾಗಾಗಿ ದೊಡ್ಡ ಪೊಟ್ಟಣಗಳನ್ನು ಒಪ್ಪುವ ಸ್ವಿಚ್‌ಗಳು ಬೇಕಾದವು. ಜೊತೆಗೆ ಪೊಟ್ಟಣ ಬಿಸಾಡುವುದನ್ನು ತಡೆಯಬೇಕಿತ್ತು. ಇಲ್ಲಿ ಟಿಸಿಪಿ ಇಲ್ಲ. ಒಂದು ಪೊಟ್ಟಣ ಬಿದ್ದರೆ ಗಣಕ ಹತ್ತಾರು ಸೆಕೆಂಡು ಕಾದು, ಇಡೀ ಆಜ್ಞೆಯನ್ನೇ ಮತ್ತೆ ಕೊಡಬೇಕಾದೀತು.

ಇದಕ್ಕೆಂದು 2011ರಲ್ಲಿ ಮಾನಕವಾದ ವಿಧಾನದಲ್ಲಿ ಒಂದೇ ತಂತಿಯ ಸಂಚಾರವನ್ನು ಎಂಟು ವರ್ಗಗಳಾಗಿ ವಿಂಗಡಿಸುತ್ತಾರೆ. ಸ್ಮೃತಿ ತುಂಬುತ್ತ ಬಂದಂತೆ ಸ್ವಿಚ್ 'ಡಿಸ್ಕಿನ ವರ್ಗದವರು ಸ್ವಲ್ಪ ನಿಲ್ಲಿ' ಎಂದು ಹಿಂದಿನವರಿಗೆ ಹೇಳುತ್ತದೆ. ಉಳಿದ ವರ್ಗಗಳು ಎಂದಿನಂತೆ ಸಾಗುತ್ತವೆ.

ಆದರೆ 'ನಿಲ್ಲಿ' ಎಂಬ ಮಾತು ತಲುಪಲೂ ಹೊತ್ತು ಬೇಕಷ್ಟೆ. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. 100 ಮೀಟರ್ ದಾಟಲು ಅರ್ಧ ಮೈಕ್ರೊಸೆಕೆಂಡ್. ಸೆಕೆಂಡಿಗೆ 1000 ಕೋಟಿ ಬಿಟ್ ವೇಗದಲ್ಲಿ ಅಷ್ಟರೊಳಗೆ 5000 ಬಿಟ್, ಅಂದರೆ 625 ಬೈಟ್ ಹೊರಟುಬಿಟ್ಟಿರುತ್ತದೆ. ಆಗಲೇ ತಂತಿಯ ಮೇಲಿರುವುದು ಇನ್ನೊಂದು 625. ಒಟ್ಟು 1250 ಬೈಟಿಗಾದರೂ ಜಾಗ ಕಾದಿರಿಸಬೇಕು. ದೂರ 10 ಕಿಲೋಮೀಟರ್ ಆದರೆ ಇದೇ ಲೆಕ್ಕ 1,25,000 ಬೈಟಿಗೆ ಏರುತ್ತದೆ. ದೂರ ಹೆಚ್ಚಿದಂತೆ ಈ ಉಪಾಯ ಏಕೆ ಕಷ್ಟವೆಂಬುದು ಇದರಿಂದಲೇ ಸ್ಪಷ್ಟ. ಮುಂದಿನ ಗಾಡಿ ನಿಂತರೆ ಹಿಂದಿನ ಗಾಡಿಗಳೂ ಸಾಲಾಗಿ ನಿಲ್ಲಬೇಕಾಗುವ ತೊಂದರೆ ಬೇರೆ.

ಯಾವುದು ಉಳಿಯಿತು?

ಎರಡೂ ಉತ್ತರಗಳು ತಾಂತ್ರಿಕವಾಗಿ ಸರಿಯೇ. ಆದರೆ ಎರಡನೆಯದಕ್ಕೆ ವಿಶೇಷ ಸ್ವಿಚ್‌ಗಳು ಬೇಕಾದ್ದರಿಂದ 'ಸಾಧಾರಣ ಜಾಲ' ಎಂಬ ಮಾತಿನ ಅರ್ಥವೇ ಹೊರಟುಹೋಯಿತು. ಅದು ನಿರೀಕ್ಷಿಸಿದಷ್ಟು ಹಬ್ಬಲಿಲ್ಲ. ಐಸ್ಕಸಿ ಸಾಧಾರಣ ಸ್ವಿಚ್‌ಗಳ ಮೇಲೆಯೇ ಓಡಿತು, ಬೇರೆ ಬೇರೆ ಊರಿನ ಜಾಲಗಳನ್ನು ದಾಟಬಲ್ಲದಾಯಿತು, ಸಣ್ಣ ಸಂಸ್ಥೆಗಳಿಗೂ ದಕ್ಕಿತು. ಪ್ರತ್ಯೇಕ ಫೈಬರ್ ಚಾನೆಲ್ ಕೂಡ ಮರೆಯಾಗಿಲ್ಲ. ವೆಚ್ಚಕ್ಕಿಂತ ಖಾತ್ರಿಯೇ ಮುಖ್ಯವೆನ್ನುವ ದೊಡ್ಡ ಸಂಸ್ಥೆಗಳಲ್ಲಿ ಅದು ಇಂದಿಗೂ ದುಡಿಯುತ್ತಿದೆ.

ಈ ನಡುವೆ ಡಿಸ್ಕೇ ಬದಲಾಯಿತು. ತಿರುಗುವ ತಟ್ಟೆಯಿಲ್ಲದ ಸ್ಮೃತಿ ಡಿಸ್ಕುಗಳು 100 ಮೈಕ್ರೊಸೆಕೆಂಡಿನ ಆಸುಪಾಸಿನಲ್ಲಿ ಉತ್ತರ ಕೊಡುತ್ತವೆ. ಈಗ ತಂತಿಯ 40 ಮೈಕ್ರೊಸೆಕೆಂಡನ್ನು ಕಡೆಗಣಿಸುವಂತಿಲ್ಲ. ಆದ್ದರಿಂದ ಸ್ಕಸಿಯ ಬದಲು 'ಎನ್‌ವಿಎಂಇ' ಎಂಬ ಹೊಸ ವ್ಯಾಕರಣ, ಹೆಚ್ಚು ವೇಗದ ಈಥರ್‌ನೆಟ್ ಬಂದಿವೆ. ಆ ಹೊಸ ವ್ಯಾಕರಣವನ್ನು ಟಿಸಿಪಿ ಮೇಲೆ ಸಾಗಿಸುವ ಮಾನಕಕ್ಕೆ 2018ರಲ್ಲಿ ಒಪ್ಪಿಗೆ ದೊರೆಯಿತು. ಭಾಷೆ ಬದಲಾಯಿತು, ಡಿಸ್ಕು ಬದಲಾಯಿತು. ತುದಿಯಲ್ಲಿ ಲೆಕ್ಕವಿಡುವ ಹಳೆಯ ಉಪಾಯ ಮಾತ್ರ ಹಾಗೆಯೇ ಉಳಿಯಿತು.

ಎಚ್ಚರ ಬೇಕಾದ ಕಡೆ

ದೂರದ ಡಿಸ್ಕ್ ಗಣಕಕ್ಕೆ ತನ್ನ ಒಳಗಿನ ಡಿಸ್ಕಿನಂತೆಯೇ ಕಾಣುತ್ತದೆ. ಅಪಾಯವೂ ಅಲ್ಲೇ ಇದೆ. ಒಂದೇ ಡಿಸ್ಕನ್ನು ಎರಡು ಗಣಕಗಳಿಗೆ ಕೊಟ್ಟರೆ, ಯಾವ ಖಾನೆ ಖಾಲಿ ಎಂಬ ಪಟ್ಟಿಯನ್ನು ಎರಡೂ ತಮ್ಮ ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ಒಂದು ಬರೆದದ್ದರ ಮೇಲೆಯೇ ಮತ್ತೊಂದು ಬರೆಯುತ್ತದೆ. ಖಾನೆಗಳ ಬೀರುವಿಗೆ ಅದು ತಪ್ಪೆಂದು ತಿಳಿಯುವುದೇ ಇಲ್ಲ. ಹಲವು ಗಣಕಗಳು ಹಂಚಿಕೊಳ್ಳಬೇಕೆಂದರೆ ಅದಕ್ಕೆಂದೇ ರೂಪಿಸಿದ ತಂತ್ರಾಂಶ ಬೇಕು, ಇಲ್ಲವೇ ಕಡತಗಳ ಪಟ್ಟಿಯನ್ನು ತಾನೇ ನೋಡಿಕೊಳ್ಳುವ ಕಡತ ಸರ್ವರ್ ಬೇಕು.

ಎಲ್ಲರೂ ಓಡಾಡುವ ದಾರಿಯಲ್ಲಿ ಇಣುಕುವವರೂ ಇರುತ್ತಾರೆ. ಐಸ್ಕಸಿಯಲ್ಲಿ ಗುಪ್ತಪದದ ತಪಾಸಣೆಗೆ ಅವಕಾಶವಿದೆ. ಆದರೆ ಅದು ಸರಕನ್ನು ಮರೆಮಾಚುವುದಿಲ್ಲ. ಆದ್ದರಿಂದ ಡಿಸ್ಕಿನ ಸಂಚಾರವನ್ನು ಪ್ರತ್ಯೇಕ ಸ್ವಿಚ್ಚಿನಲ್ಲಿ, ಅಥವಾ ಒಂದೇ ಸ್ವಿಚ್ಚಿನ ಪ್ರತ್ಯೇಕ ವಿಭಾಗದಲ್ಲಿ ಇಡುವುದು ಒಳ್ಳೆಯದು. ಡಿಸ್ಕ್ ಬೇರೆ ಕೋಣೆಯಲ್ಲಿದ್ದ ಮಾತ್ರಕ್ಕೆ ಪ್ರತಿ ತೆಗೆದಿಟ್ಟಂತಾಗಲಿಲ್ಲ ಎಂಬುದೂ ನೆನಪಿರಲಿ. ಅಂಕಪಟ್ಟಿಯ ಮತ್ತೊಂದು ಪ್ರತಿ ಬೇರೆ ಕಡೆ ಇದ್ದೇ ಇರಬೇಕು.

ಮನೆಯಲ್ಲೇ ಪ್ರಯೋಗ

ಇದನ್ನು ಕಲಿಯಲು ದುಬಾರಿ ಪ್ರಯೋಗಾಲಯ ಬೇಕಿಲ್ಲ. ಎರಡು ಹಳೆಯ ಗಣಕಗಳು, ಒಂದು ಸಾಧಾರಣ ಸ್ವಿಚ್, ಎರಡು ಕೇಬಲ್ ಇದ್ದರೆ ಆಯಿತು. ಡಿಸ್ಕ್ ಹಂಚುವ ತಂತ್ರಾಂಶ 2011ರಿಂದ ಲಿನಕ್ಸ್‌ನ ತಿರುಳಿನಲ್ಲೇ ಸೇರಿದೆ. ಡಿಸ್ಕ್ ಪಡೆಯುವ ತಂತ್ರಾಂಶವೂ ಲಿನಕ್ಸ್‌ಗೆ ಉಚಿತವಾಗಿ ಸಿಗುತ್ತದೆ. ವಿಂಡೋಸ್ ಬಳಸುವವರಿಗೆ ಮೈಕ್ರೊಸಾಫ್ಟ್ ಅದನ್ನು 2003ರಲ್ಲಿಯೇ ಉಚಿತವಾಗಿ ಒದಗಿಸಿತು. ಬೆಲೆಬಾಳುವುದೇನೂ ಇಲ್ಲದ ಡಿಸ್ಕನ್ನು ಮಾತ್ರ ಪ್ರಯೋಗಕ್ಕೆ ಬಳಸಬೇಕು.

ಒಂದು ದೊಡ್ಡ ಕಡತವನ್ನು ನಕಲು ಮಾಡುತ್ತಿರುವಾಗ ಕೇಬಲ್ಲನ್ನು ಕಿತ್ತು, ಐದಾರು ಸೆಕೆಂಡು ಬಿಟ್ಟು ಮತ್ತೆ ಸಿಕ್ಕಿಸಿ ನೋಡಿ. ನಕಲು ನಿಂತು, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಮುಂದುವರಿಯುತ್ತದೆ. ಆಮೇಲೆ ಎರಡೂ ಕಡತಗಳನ್ನು ಬೈಟಿಗೆ ಬೈಟ್ ಹೋಲಿಸಿ. ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶದಲ್ಲಿ 3260ನೇ ದ್ವಾರದ ಸಂಚಾರವನ್ನು ಗಮನಿಸಿದರೆ ಕ್ರಮಸಂಖ್ಯೆಗಳು, ಸ್ವೀಕೃತಿಗಳು, ಮತ್ತೆ ಕಳುಹಿಸಿದ ಪೊಟ್ಟಣಗಳು ಕಣ್ಣೆದುರೇ ಸಾಗುತ್ತವೆ.

ಗಣಕ ಕಲಿಕೆಯೆಂದರೆ ಯಾವ ಗುಂಡಿ ಎಲ್ಲಿದೆಯೆಂದು ತಿಳಿಯುವುದಷ್ಟೇ ಅಲ್ಲ ಎಂಬುದನ್ನು ಪೋಷಕರೂ ಗಮನಿಸಬೇಕು. ಗುಂಡಿಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ. ಕ್ರಮಸಂಖ್ಯೆ ಹಾಕುವುದು, ಸ್ವೀಕೃತಿ ಪಡೆಯುವುದು, ಅದು ಬರುವತನಕ ನಕಲನ್ನು ಕಾದಿಡುವುದು 1974ರಲ್ಲಿಯೂ ಬೇಕಾಗಿದ್ದವು, ಇಂದೂ ಬೇಕು. ಭಾಗಾಕಾರ ಬಲ್ಲ ಹೈಸ್ಕೂಲು ವಿದ್ಯಾರ್ಥಿ ಮೇಲಿನ ಲೆಕ್ಕಗಳನ್ನೆಲ್ಲ ತಾನೇ ಮಾಡಿ ತಾಳೆ ನೋಡಬಹುದು. ಈ ಭಾನುವಾರ ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಕುಳಿತರೆ ಸಾಕು.